ಪ್ರಾಗ್‌ನಲ್ಲಿ ಅಪ್ಪನ ಸೇತುವೆ ತಪಾಸಣೆ

ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರ ಜೊತೆ ಊರು ಸುತ್ತಲು ಹೊರಟರೆ ಗೋಪುರಕ್ಕಿಂತ ಮೊದಲು ಚರಂಡಿ ನೋಡಬೇಕಾಗುತ್ತದೆ. ಉಡುಪಿಯಿಂದ ಅಪ್ಪ, ಅಮ್ಮ ಡ್ರೆಸ್ಡೆನ್‌ನ ನಮ್ಮ ಮನೆಗೆ ಬಂದಿದ್ದರು. ಸೆಪ್ಟೆಂಬರ್ ಮೊದಲ ವಾರದ ಶನಿವಾರ, ಹೆಂಡತಿ ಮಗಳನ್ನೂ ಸೇರಿಸಿಕೊಂಡು ಬೆಳಗಿನ ರೈಲಿಗೆ ಪ್ರಾಗ್‌ಗೆ ಹೊರಟೆವು. ಎಲ್ಬೆ ನದಿಯ ಮಗ್ಗುಲಲ್ಲೇ ಸಾಗುವ ಎರಡೂವರೆ ಗಂಟೆಯ ದಾರಿ. ಅಮ್ಮ ಕಟ್ಟಿ ತಂದಿದ್ದ ಒಗ್ಗರಣೆ ಅವಲಕ್ಕಿ ಗಡಿ ದಾಟುವ ಮೊದಲೇ ಮುಗಿಯಿತು.

ಹತ್ತುವ ಕಷ್ಟ ಬೇಡವೆಂದು 22ನೇ ನಂಬರಿನ ಟ್ರಾಮ್ ಹಿಡಿದು ಕೋಟೆಗೆ ಹೋದೆವು. ಅಲ್ಲಿಂದ ಕೆಳಗೆ ನಡಿಗೆ. ಕೋಟೆಯೊಳಗಿನ ಸೇಂಟ್ ವೀಟಸ್ ಕೆಥೆಡ್ರಲ್ ಕೆಲಸ ಶುರುವಾದದ್ದು 1344ರಲ್ಲಿ, ಪೂರ್ತಿಯಾದದ್ದು 1929ರಲ್ಲಿ. ಇದನ್ನು ಓದಿ ಹೇಳಿದಾಗ ಅಪ್ಪನ ಮುಖದಲ್ಲಿ ಕಂಡದ್ದು ಭಕ್ತಿಯಲ್ಲ, ಸಮಾಧಾನ. “ಇನ್ನು ನಮ್ಮೂರ ಫ್ಲೈಓವರಿಗೆ ಯಾರೂ ಬೈಯುವ ಹಾಗಿಲ್ಲ” ಅಂದರು. ಒಳಗಿನ ಬಣ್ಣದ ಗಾಜಿನ ಕಿಟಕಿಗಳು ಚೆನ್ನಾಗಿವೆ. ಆದರೆ ಆ ಜನಜಂಗುಳಿಯಲ್ಲಿ ಐದು ಜನರ ಸಂಸಾರವನ್ನು ಒಟ್ಟಿಗೆ ಇಟ್ಟುಕೊಳ್ಳುವುದೇ ಒಂದು ಕೆಲಸವಾಗಿ, ಬೇಗ ಹೊರಬಂದೆವು.

ಇಳಿಜಾರಿನ ನೆರುದೋವಾ ಬೀದಿ ಮಗಳ ಪಾಲಿಗೆ ಸಿಕ್ಕಿತು. 1770ರಲ್ಲಿ ಇಲ್ಲಿ ಮನೆಗಳಿಗೆ ನಂಬರ್ ಬರುವ ಮುಂಚೆ ಬಾಗಿಲ ಮೇಲಿನ ಚಿತ್ರವೇ ವಿಳಾಸ. ಎರಡು ಸೂರ್ಯರ ಮನೆ, ಮೂರು ಪಿಟೀಲಿನ ಮನೆ, ಹೀಗೆ. ಮೂರು ಪಿಟೀಲಿನ ಮನೆಯಲ್ಲಿ ನಿಜಕ್ಕೂ ಪಿಟೀಲು ಮಾಡುವವರೇ ಇದ್ದರು. ಮಗಳು ಓಡಿ ಓಡಿ ಚಿತ್ರ ಹುಡುಕುತ್ತಿದ್ದಳು; ಅಮ್ಮನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. “ನಮ್ಮಲ್ಲಿ ಮಾತ್ರ ನಂಬರ್ ಯಾರು ಕೇಳ್ತಾರೆ? ಹಲಸಿನ ಮರದ ಮನೆ ಅಂದ್ರೆ ಪೋಸ್ಟಿನವ ಬರುವುದಿಲ್ವಾ?”

ಅಪ್ಪನ ಕಣ್ಣು ಅಷ್ಟು ಹೊತ್ತೂ ನೆಲದ ಮೇಲೆ. ಪ್ರಾಗ್‌ನ ಕಾಲುದಾರಿಗಳಿಗೆ ಅಂಗೈಯೊಳಗೆ ಹಿಡಿಯುವಷ್ಟು ಸಣ್ಣ ಚೌಕ ಕಲ್ಲುಗಳನ್ನು, ಬೂದು ಬಿಳಿ ಬಣ್ಣಗಳಲ್ಲಿ ವಿನ್ಯಾಸ ಮಾಡಿ ಕೂರಿಸಿದ್ದಾರೆ. ಒಂದು ತಿರುವಿನಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕುಳಿತ ಕೆಲಸಗಾರನೊಬ್ಬ ಮರಳಿನ ಮೇಲೆ ಒಂದೊಂದೇ ಕಲ್ಲು ಇಟ್ಟು ಸುತ್ತಿಗೆಯಲ್ಲಿ ಕುಟ್ಟುತ್ತಿದ್ದ. ಅಪ್ಪ ಅಲ್ಲೇ ನಿಂತುಬಿಟ್ಟರು. “ಸಿಮೆಂಟೇ ಇಲ್ಲ ನೋಡು. ಮಳೆ ನೀರು ಇಂಗುತ್ತದೆ. ನಾಳೆ ಪೈಪ್ ಹಾಕಲು ಅಗೆದರೆ ಅದೇ ಕಲ್ಲು ವಾಪಸ್ ಇಡಬಹುದು.” ಚಳಿಗಾಲದಲ್ಲಿ ಇದರ ಮೇಲೆ ಜಾರಿ ಬೀಳುವವರ ವಿಷಯ ನಾನು ತೆಗೆಯಲಿಲ್ಲ.

ಆಮೇಲೆ ಚಾರ್ಲ್ಸ್ ಸೇತುವೆ. ಇಲ್ಲಿ ಇಪ್ಪತ್ತು ನಿಮಿಷ ಎಂದು ನಾನು ಲೆಕ್ಕ ಹಾಕಿದ್ದೆ. ಊಟವೂ ಸೇರಿ ಮಧ್ಯಾಹ್ನ ಪೂರ್ತಿ ಅದರ ಆಸುಪಾಸಿನಲ್ಲೇ ಕಳೆಯಿತು.

ಇಲ್ಲಿದ್ದ ಹಳೆಯ ಸೇತುವೆಯನ್ನು 1342ರ ನೆರೆ ಕೊಚ್ಚಿಕೊಂಡು ಹೋಯಿತು. ಈಗಿನದಕ್ಕೆ ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಅಡಿಗಲ್ಲು ಹಾಕಿದ. ಜುಲೈ 9, ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಎಂದು ಕಥೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಸಾಲಾಗಿ ಬರೆದರೆ 135797531: ಏರಿ ಇಳಿಯುವ ಬೆಸ ಸಂಖ್ಯೆಗಳು. ಜ್ಯೋತಿಷಿಗಳು ಇಟ್ಟುಕೊಟ್ಟ ಮುಹೂರ್ತವಂತೆ. ಅಮ್ಮ ಇದೊಂದನ್ನು ತಕ್ಷಣ ಒಪ್ಪಿದರು. ಅಪ್ಪನಿಗೆ ಬೇಕಾಗಿದ್ದದ್ದು ಗಾರೆಯ ಕಥೆ. ಗಟ್ಟಿಯಾಗಲಿ ಎಂದು ಸುಣ್ಣಕ್ಕೆ ಮೊಟ್ಟೆ ಬೆರೆಸಿದರಂತೆ, ರಾಜ್ಯದ ಊರೂರಿನಿಂದ ಗಾಡಿಯಲ್ಲಿ ಮೊಟ್ಟೆ ತರಿಸಿದರಂತೆ. ವೆಲ್ವಾರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲಿ ಎಂದು ಬೇಯಿಸಿ ಕಳಿಸಿದರಂತೆ! ಅಪ್ಪ ಸೇತುವೆಯ ನಡುವೆ ನಿಂತು ಜೋರಾಗಿ ನಕ್ಕರು. “ಇಂಥ ಗುತ್ತಿಗೆದಾರರು ನಮ್ಮಲ್ಲೂ ಇದ್ರು” ಅಂದರು.

ಸೇತುವೆಯ ಎರಡೂ ಬದಿ ಸೇರಿ 30 ಮೂರ್ತಿಗಳಿವೆ. ಅವುಗಳಲ್ಲಿ ಪಾದ್ರಿ ನೆಪೋಮುಕ್‌ನದ್ದು 1683ರದ್ದು. 1393ರಲ್ಲಿ ಆಗಿನ ದೊರೆಯ ಅಪ್ಪಣೆಯ ಮೇರೆಗೆ ಅವನನ್ನು ಇಲ್ಲಿಂದ ನದಿಗೆ ಎಸೆದರು. ಬುಡದ ಫಲಕವನ್ನು ಮುಟ್ಟಿದರೆ ಒಳ್ಳೆಯದಾಗುತ್ತದೆಂದು ಜನ ಮುಟ್ಟಿ ಮುಟ್ಟಿ ಅದು ಹೊಳೆಯುತ್ತಿತ್ತು. ಮಗಳು ಮುಟ್ಟಿದಳು, ಅಮ್ಮ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮೆಟ್ಟಿಲಿಳಿದು ಕಂಪಾ ಎಂಬ ನಡುಗಡ್ಡೆಗೆ ಬಂದಾಗ ಅಪ್ಪನಿಗೆ ಹೊಸದೊಂದು ಕಂಡಿತು. ಸೇತುವೆಯನ್ನು ಹೊತ್ತ ಕಲ್ಲಿನ ಕಂಬಗಳ, ಅಂದರೆ ಪಿಯರ್‌ಗಳ ಮುಂದೆ, ನೀರು ಬರುವ ದಿಕ್ಕಿಗೆ, ದಪ್ಪ ಮರದ ತೊಲೆಗಳನ್ನು ಓರೆಯಾಗಿ ಜೋಡಿಸಿ ನಿಲ್ಲಿಸಿದ್ದರು. “ಇದೆಂತಕ್ಕೆ?” ಚಳಿಗಾಲದಲ್ಲಿ ತೇಲಿ ಬರುವ ಹಿಮದ ಹಾಳೆಗಳು ಪಿಯರಿಗೆ ಬಡಿಯದೆ ಇಲ್ಲೇ ಒಡೆದು ಚೂರಾಗಲಿ ಎಂದು. ಉಪ್ಪು ನೀರು, ಭರತ-ಇಳಿತ, ಮರಳು ತೆಗೆದು ತೆಗೆದು ಬುಡ ಸಡಿಲವಾಗುವುದು, ಇವೆಲ್ಲದರ ಜೊತೆ ನೌಕರಿಯುದ್ದಕ್ಕೂ ಗುದ್ದಾಡಿದ ಮನುಷ್ಯ. ಮಂಜುಗಡ್ಡೆಯೂ ಸೇತುವೆಗೆ ಶತ್ರು ಎಂಬುದು ಅವರ ಕಡತಕ್ಕೆ ಬಂದದ್ದೇ ಇಲ್ಲ. ಬೇರೆ ಬೇರೆ ಕಡೆಯಿಂದ ಫೋಟೋ ತೆಗೆದರು. ಇಷ್ಟಿದ್ದೂ 1890ರ ನೆರೆಗೆ ಕೆಲವು ಕಮಾನು ಬಿದ್ದವು ಎಂದಾಗ, “ನೆರೆ ಬೇರೆ, ಹಿಮ ಬೇರೆ” ಎಂದು ಕಟ್ಟಿದವರ ಪರ ವಹಿಸಿದರು.

ಊಟದ ಕಥೆ ಹೇಳುವಂಥದ್ದಲ್ಲ. ಸಸ್ಯಾಹಾರಿಗಳಿಗೆ ಕರಿದ ಚೀಸ್, ಬೇಯಿಸಿದ ಆಲೂಗಡ್ಡೆ; ಅಮ್ಮ ಆಲೂಗಡ್ಡೆಗೆ ಚೀಲದಿಂದ ಉಪ್ಪಿನಕಾಯಿ ತೆಗೆದರು. ಹಳೆಯ ಜೆಕ್ ತಿಂಡಿ ಎಂದು ಬೀದಿಬೀದಿಯಲ್ಲಿ ಮಾರುವ, ಸಕ್ಕರೆ ಹೊರಳಿಸಿದ ಟ್ರಡೆಲ್ನಿಕ್ ಪ್ರವಾಸಿಗರ ಜೊತೆ ಈಚೆಗೆ ಬಂದದ್ದು. ಅದು ಗೊತ್ತಿದ್ದೂ ಮಗಳಿಗೆ ಕೊಡಿಸಿದೆ, ನಾನೂ ಅರ್ಧ ತಿಂದೆ.

ಹಳೇ ಪಟ್ಟಣದ ಚೌಕಕ್ಕೆ ಬರುವಾಗ ಐದಾಗುತ್ತಿತ್ತು. 1410ರ ಗಡಿಯಾರದ ಮುಂದೆ ಫೋನ್ ಎತ್ತಿ ಹಿಡಿದ ದೊಡ್ಡ ಗುಂಪು. ಗಂಟೆಯಾದೊಡನೆ ಅಸ್ಥಿಪಂಜರವೊಂದು ಹಗ್ಗ ಎಳೆದು ಗಂಟೆ ಬಾರಿಸುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಸುತ್ತುತ್ತಾರೆ, ಕೋಳಿ ಕೂಗುತ್ತದೆ, ಅಷ್ಟೇ. “ಗಂಟೆ ಬಾರಿಸುವುದು ಯಮನಾ?” ಎಂದು ಅಮ್ಮ ಮಗಳನ್ನು ಕೇಳಿದರು. ಗುಂಪು ಕರಗಿದ ಮೇಲೆ ಅವರು ಮುಖಫಲಕದ ಹತ್ತಿರ ಹೋದರು. ಅದರಲ್ಲಿ ರಾಶಿಚಕ್ರವಿದೆ, ಅದರ ಮೇಲೆ ಸೂರ್ಯ ಯಾವ ರಾಶಿಯಲ್ಲಿದ್ದಾನೆಂದು ತೋರಿಸುವ ಚಿನ್ನದ ಬಣ್ಣದ ಸೂರ್ಯ. ನೋಡಿದವರೇ, “ತಪ್ಪು ತೋರಿಸ್ತಾ ಉಂಟಲ್ಲ. ಈಗ ಸೋಣ ತಿಂಗಳು, ಸೂರ್ಯ ಸಿಂಹದಲ್ಲಿರಬೇಕು. ಇವರು ಕನ್ಯಾಕ್ಕೆ ಹಾಕಿದ್ದಾರೆ.” ಇಲ್ಲಿಯವರದ್ದು ಹಗಲು-ರಾತ್ರಿ ಸಮವಾಗುವ ವಿಷುವದಿಂದ ರಾಶಿ ಎಣಿಸುವ ಸಾಯನ, ನಮ್ಮದು ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯಣ, ನಡುವೆ ಸುಮಾರು 24 ಡಿಗ್ರಿ ವ್ಯತ್ಯಾಸ ಎಂದು ಅಪ್ಪ ವಿವರಿಸಿದರು. ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಗ್ರಹಗಳನ್ನು ಅಳೆದಳೆದು ಬರೆದಿಟ್ಟ ಟೀಕೊ ಬ್ರಾಹೆಯ ಸಮಾಧಿ ಎದುರಿನ ಟೀನ್ ಚರ್ಚಿನಲ್ಲೇ ಇದೆ ಎಂದೆ. ಅವನೂ ಇವರ ಕಡೆಯವನೇ ಅಂದರು.

ಪುರಭವನದ ಪಕ್ಕದ ನೆಲದಲ್ಲಿ ಕಲ್ಲಿನಲ್ಲೇ ಮೂಡಿಸಿದ ಬಿಳಿ ಶಿಲುಬೆಗಳಿವೆ. ಜನ ಅವುಗಳ ಮೇಲೆಯೇ ನಡೆದು ಹೋಗುತ್ತಿದ್ದರು. ನೆಲ ನೋಡುತ್ತಾ ಬಂದ ಅಪ್ಪನಿಗೆ ಮಾತ್ರ ಕಂಡಿತು. ಮಗಳು ಎಣಿಸಿದಳು: 27. ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ದಂಗೆಯೆದ್ದು ಸೋತ 27 ಮುಖಂಡರನ್ನು 1621ರ ಜೂನ್ 21ರಂದು ಈ ಚೌಕದಲ್ಲಿ ಕೊಂದರು. ಹನ್ನೆರಡು ತಲೆಗಳನ್ನು ಸೇತುವೆಯ ಗೋಪುರಕ್ಕೆ ನೇತುಹಾಕಿದರು, ಹತ್ತು ವರ್ಷ. “ನಾವು ಈಗ ಅದರ ಕೆಳಗೇ ಬಂದ್ವಲ್ಲ ಅಜ್ಜ?” ಹೌದೆಂದು ಅಪ್ಪ ತಲೆಯಾಡಿಸಿದರು. ಅದಾದ ಮೇಲೆ ಅವಳು ಒಂದು ಶಿಲುಬೆಯನ್ನೂ ತುಳಿಯದೆ ಸುತ್ತು ಹಾಕಿ ಬಂದಳು.

ಯಹೂದಿಗಳ ಹಳೆಯ ಕೇರಿ ಪಟ್ಟಿಯಲ್ಲೇ ಉಳಿಯಿತು. ವಾಪಸ್ ರೈಲಿನಲ್ಲಿ ಅಪ್ಪ ನಿವೃತ್ತ ಎಂಜಿನಿಯರುಗಳ ವಾಟ್ಸಾಪ್ ಗುಂಪಿಗೆ ಮೊಟ್ಟೆಯ ಗಾರೆಯ ಸುದ್ದಿ ಹಾಕಿದರು. ಊರಲ್ಲಿ ಮಧ್ಯರಾತ್ರಿ ಸಮೀಪಿಸಿದ್ದರೂ ಉತ್ತರ ಬಂತು: ಮೊಟ್ಟೆ ಎಂತ ಮಾರಾಯ್ರೆ, ನಮ್ಮವರು ಬೆಲ್ಲ, ಅಳಲೆಕಾಯಿ ಹಾಕಿ ಕಟ್ಟಿದ್ದು ಅದಕ್ಕಿಂತ ಗಟ್ಟಿ. ಡ್ರೆಸ್ಡೆನ್ ಬರುವವರೆಗೂ ಅದೇ ವಾದ ನಡೆದಿತ್ತು.