ಗಿರಣಿ ಪಕ್ಕದ ಮನೆಗೆ ಗೇಮಿಂಗ್ ಪಿಸಿ

ರಾಯಚೂರಿನಲ್ಲಿ ನಮ್ಮ ಅಕ್ಕನ ಮನೆ ಇರುವುದು ಒಂದು ಹಿಟ್ಟಿನ ಗಿರಣಿಯ ಪಕ್ಕಕ್ಕೆ. ಸಂಜೆ ಆರರ ಹೊತ್ತಿಗೆ ಜೋಳದ ಡಬ್ಬಿ ಹಿಡಿದು ಜನ ಬರತೊಡಗಿದರೆ ಗಿರಣಿ ಶುರು. ಮೋಟಾರ್ ಹಾಕಿದ ಕೂಡಲೇ ಅಕ್ಕನ ಮನೆಯ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ. ಫ್ಯಾನು ಉಪವಾಸ ಇದ್ದವರ ಹಾಗೆ ತಿರುಗುತ್ತದೆ. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

2024ರ ಮೇ ತಿಂಗಳು. ಅಕ್ಕನ ಮಗ ಪಿಯುಸಿ ಪಾಸಾಗಿದ್ದ. ಕೊಟ್ಟ ಮಾತಿನಂತೆ ಗೇಮಿಂಗ್ ಪಿಸಿ ಕೊಡಿಸಬೇಕು. ಬಜೆಟ್ 50,000. ಭಾವನ ಹಳೇ ಫುಲ್ ಎಚ್‌ಡಿ ಮಾನಿಟರ್ ಮನೆಯಲ್ಲೇ ಇತ್ತು, ಆ ಖರ್ಚು ಉಳಿಯಿತು. "ಇದರ ಮ್ಯಾಲ ಒಂದು ರೂಪಾಯಿ ಆದ್ರೂ ನನ್ನ ಕೇಳಬ್ಯಾಡ" ಅಂತ ಅಕ್ಕ ನನಗೇ ಹೇಳಿದಳು, ಮಗನಿಗಲ್ಲ.

ಅಳಿಯ ನೋಟ್‌ಬುಕ್ ಹಾಳೆಯಲ್ಲಿ ಪಟ್ಟಿ ಬರೆದಿಟ್ಟಿದ್ದ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ ಕಾರ್ಡಿನ ಹೆಸರಿಗೆ ಎರಡು ಗೆರೆ ಎಳೆದು ಪಕ್ಕದಲ್ಲಿ ನಕ್ಷತ್ರ. ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ ಒಂದೇ ಸಾಲು: "ಕ್ಯಾಬಿನೆಟ್, ಎಸ್‌ಎಂಪಿಎಸ್ ಸೇರಿ 2,500." ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಹಂಚುವ ಡಬ್ಬವೇ ಈ ಎಸ್‌ಎಂಪಿಎಸ್.

"ಎಸ್‌ಎಂಪಿಎಸ್‌ಗೆ ಇಷ್ಟೇನಾ?"

"ಮಾಮ, ಅದು ಕ್ಯಾಬಿನೆಟ್ ಜೋಡಿ ಫ್ರೀ ಬರ್ತದ. ಅದರಾಗ ಉಳಿಸಿದ್ರ ಕಾರ್ಡ್ ದೊಡ್ಡದು ಬರ್ತದ."

ಹೀಗೆ ಫ್ರೀ ಬಂದದ್ದನ್ನು ನಾನೂ ಒಮ್ಮೆ ತಂದಿದ್ದೆ. ಒಂದು ಬೇಸಿಗೆ ಮಧ್ಯಾಹ್ನ ಟಪ್ ಅಂತ ಸದ್ದು ಬಂತು, ಸುಟ್ಟ ವಾಸನೆ ಬಂತು. ಅದು ಹೋಗಿದ್ದರೆ ಹೋಗಲಿ, ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅವನಿಗೆ ಇದನ್ನು ಹೇಳಿದೆ. ನಕ್ಕ. ಹದಿನೆಂಟರ ಹುಡುಗ, ನಗದೆ ಇನ್ನೇನು ಮಾಡ್ತಾನೆ.

ಮೊದಲು ಊರಿನ ಅಂಗಡಿಗೇ ಹೋದೆವು. "ನೋಡ್ರಿ ಸರ, ಐ7 ಅದ. 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ ಕಾರ್ಡ್. 22 ಸಾವಿರಕ್ಕ ರೆಡಿ ಗೇಮಿಂಗ್ ಪಿಸಿ. ಹುಡುಗ ಖುಷ್." ಅಳಿಯನ ಕಣ್ಣು ಅರಳಿತು.

"ಯಾವ ಐ7 ರೀ?"

"ಐ7 ಅಂದ್ರ ಐ7 ರಿ ಸರ."

ಆನ್ ಮಾಡಿಸಿ ನೋಡಿದೆ. ಐ7-3770. ಇಂಟೆಲ್ ಕಂಪನಿಯ ಪ್ರೊಸೆಸರ್, 2012ರ ಮಾಲು. ಕಾರ್ಡು ಜಿಟಿ 730, ಅದೂ ಹತ್ತು ವರ್ಷ ಹಳೆಯದು. 4 ಜಿಬಿ ಅನ್ನುವುದು ಸುಮ್ನೆ ಹೆಸರಿಗೆ; ಎತ್ತಿಗೆ ಶಕ್ತಿ ಇಲ್ಲದಿದ್ದರೆ ಬಂಡಿ ದೊಡ್ಡದಿದ್ದು ಏನು ಮಾಡೋದು? ಐ7-3770ರಲ್ಲಿ 4 ಕೋರ್, 8 ಥ್ರೆಡ್; ಅಂದರೆ ದುಡಿಯುವ ಕೈ ನಾಲ್ಕು, ಒಮ್ಮೆಗೆ ಹಿಡಿಯುವ ಕೆಲಸ ಎಂಟು. 2022ರಲ್ಲಿ ಬಂದ ಐ3-12100ಎಫ್‌ನಲ್ಲೂ ಅಷ್ಟೇ. ಲೆಕ್ಕ ಒಂದೇ, ನಡುವೆ ಹತ್ತು ವರ್ಷದ ದುಡಿಮೆ ಇದೆ. ಆಟದಲ್ಲಿ ಈ ಐ3 ಆ ಐ7ನ್ನು ಬಹಳ ಹಿಂದೆ ಹಾಕುತ್ತದೆ. ವಿಂಡೋಸ್ 11ಗೆ ಇಂಟೆಲ್‌ನ 8ನೇ ತಲೆಮಾರಾದರೂ ಬೇಕು, ಈ ಐ7 3ನೆಯದು, ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 11ರ ಮೇಲೆ ವ್ಯಾಲರಂಟ್ ಆಡಬೇಕೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಕೇಳುತ್ತದೆ, ಅದೂ ಅದರಲ್ಲಿಲ್ಲ. ಅಳಿಯ ಹಗಲೂ ರಾತ್ರಿ ಆಡಬೇಕೆಂದಿದ್ದದ್ದೇ ಆ ಆಟ.

ಅಂಗಡಿಯವರ ಮೇಲೆ ನನಗೇನೂ ಸಿಟ್ಟಿಲ್ಲ. ಎಲ್ಲರೂ "ಐ7 ಇದೆಯಾ" ಅಂತಲೇ ಕೇಳಿಕೊಂಡು ಬರುತ್ತಾರೆ, ಅವರು ಅದನ್ನೇ ಇಟ್ಟಿರುತ್ತಾರೆ.

ಅಲ್ಲೇ ಎಸ್‌ಎಂಪಿಎಸ್ ತೋರಿಸಿ ಅಂದೆ. ಮೊದಲು ಬಂದ ಡಬ್ಬದ ಮೇಲೆ 450 ವಾಟ್ ಅಂತ ಅಂಗೈ ಅಗಲ ಬರೆದಿತ್ತು. ಹೊರಗೆ ತೆಗೆದರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ. ಮೊಬೈಲ್ ಟಾರ್ಚ್ ಹಾಕಿ ಪಕ್ಕದ ಚೀಟಿ ಓದಿದೆ. 12 ವೋಲ್ಟ್ ಲೈನಿಗೆ 16 ಆಂಪಿಯರ್. "ಗುಣಿಸು" ಅಂದೆ ಅಳಿಯನಿಗೆ. 192 ವಾಟ್. ಪ್ರೊಸೆಸರ್, ಗ್ರಾಫಿಕ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟಿನ ತಟ್ಟೆಯಿಂದಲೇ. ನಾವು ಅಂದುಕೊಂಡಿದ್ದ ಆರ್‌ಎಕ್ಸ್ 6600 ಕಾರ್ಡಿಗೆ 132 ವಾಟ್, ಐ3ಗೆ ಜೋರಾಗಿ ಓಡುವಾಗ 89. ಕೂಡಿಸಿದರೆ 221. ಅವನು ಎರಡು ಸಲ ಲೆಕ್ಕ ಮಾಡಿದ. ಆಮೇಲೆ ನಗಲಿಲ್ಲ.

ಒಳಗಿನಿಂದ ಇನ್ನೊಂದು ತಂದರು. 550 ವಾಟ್, ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂಬ 80 ಪ್ಲಸ್ ಬ್ರಾಂಜ್ ಮುದ್ರೆ, ಕೈಯಲ್ಲಿ ಹಿಡಿದರೆ ಇಟ್ಟಿಗೆ. 12 ವೋಲ್ಟಿಗೆ 45 ಆಂಪಿಯರ್. ನಾನು ಹುಡುಕುತ್ತಿದ್ದದ್ದು ಅದರ ಮೇಲಿನ ಸಾಲು: ಇನ್‌ಪುಟ್ 100-240 ವೋಲ್ಟ್. ಹಗುರದ ಡಬ್ಬದಲ್ಲಿ ಇದು 200ರಿಂದ ಶುರುವಾಗಿತ್ತು. ಗಿರಣಿ ಪಕ್ಕದ ಮನೆಗೆ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ವೋಲ್ಟೇಜ್ 170ಕ್ಕೆ ಬಿದ್ದರೂ ಇದು ದುಡಿಯುತ್ತದೆ. 4,200 ರೂಪಾಯಿ. "ಸರ, ಇದರ ಚೀಟಿ ಓದಿದವ್ರು ನೀವೇ ಮೊದಲು ನೋಡ್ರಿ" ಅಂದ ಅಂಗಡಿ ಹುಡುಗ. ಹೊಗಳಿದನೋ ಚಾಷ್ಟಿ ಮಾಡಿದನೋ ಗೊತ್ತಾಗಲಿಲ್ಲ.

ಕ್ಯಾಬಿನೆಟ್ ಬಗ್ಗೆ ಸಣ್ಣ ಜಗಳ ಆಯಿತು. ಅವನಿಗೆ ಮುಂದೆ ಗಾಜು, ಒಳಗೆ ಬಣ್ಣದ ದೀಪ ಬೇಕು. ಮೇ ತಿಂಗಳ ರಾಯಚೂರಿನಲ್ಲಿ ಮನೆಯೊಳಗೇ 38 ಡಿಗ್ರಿ ಇರುತ್ತದೆ, ಮುಂದೆ ಗಾಜು ಮುಚ್ಚಿದರೆ ಗಾಳಿ ಎಲ್ಲಿಂದ ಬರಬೇಕು? ಮುಂದೆ ಜಾಲರಿ ಇರುವುದು, ತೊಳೆಯುವ ಫಿಲ್ಟರ್ ಇರುವುದು ತೆಗೆದುಕೊಂಡೆವು. ಸಮಾಧಾನಕ್ಕೆ ದೀಪದ ಫ್ಯಾನ್ ಒಂದು ಇತ್ತು.

ಉಳಿದದ್ದು ಮರುದಿನ ಸಿಕಂದರಾಬಾದಿನಲ್ಲಿ, ಪ್ಯಾರಡೈಸ್ ಹತ್ತಿರದ ಸಿಟಿಸಿ ಎಂಬ ಕಂಪ್ಯೂಟರ್ ಮಾರುಕಟ್ಟೆಯಲ್ಲಿ. ನಮ್ಮ ಕಡೆಯವರಿಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಅದೇ ಹತ್ತಿರ. ಅಳಿಯನಿಗೆ ಆರ್‌ಟಿಎಕ್ಸ್ ಅನ್ನುವ ಕಾರ್ಡಿನ ಹೆಸರಿನ ಮೇಲೇ ಪ್ರೀತಿ. ಆದರೆ ಆರ್‌ಟಿಎಕ್ಸ್ 3050ಗಿಂತ ಆರ್‌ಎಕ್ಸ್ 6600 ಜೋರು, ಅವತ್ತಿನ ರೇಟಿನಲ್ಲಿ ಜಾಸ್ತಿಯೂ ಇರಲಿಲ್ಲ. 20,500ಕ್ಕೆ ಮುಗಿಯಿತು. ರ‍್ಯಾಮ್ 16ರದ್ದು ಒಂದೇ ಬೇಡ, 8ರವು ಎರಡು ಕೊಡಿ ಅಂದೆ. ಎರಡು ಬಾಗಿಲು ತೆರೆದರೆ ಓಡಾಟ ಬೇಗ ಆಗುತ್ತದೆ, ಅಲ್ವಾ. ಐ3-12100ಎಫ್ ಪ್ರೊಸೆಸರ್, ಅದಕ್ಕೆ ಎಚ್610 ಮದರ್‌ಬೋರ್ಡ್, 500 ಜಿಬಿ ಎಸ್‌ಎಸ್‌ಡಿ. ಒಟ್ಟು 48,800. ಅದರ ಮೇಲೆ 600 ವಿಎ ಯುಪಿಎಸ್ ಒಂದು, 2,900. ಬಜೆಟ್ ದಾಟಿದ 1,700 ನಾನೇ ಹಾಕಿದೆ. ಇದನ್ನು ಅಕ್ಕ ಓದುವುದಿಲ್ಲ ಅಂದುಕೊಂಡಿದ್ದೇನೆ.

ಮರುದಿನ ಮಧ್ಯಾಹ್ನ ಊಟ ಮುಗಿಸಿ ನೆಲದ ಮೇಲೆ ಚಾಪೆ ಹಾಸಿ ಜೋಡಿಸಲು ಕೂತೆವು. ಏರ್ ಕೂಲರ್ ಬಂದ್. ಅದರ ತೇವದ ಗಾಳಿ ಬೋರ್ಡಿನ ಮೇಲೆ ಬೇಡ ಅಂದೆ. ಇಬ್ಬರ ಬನಿಯನ್ನೂ ಒದ್ದೆ. ಎಲ್ಲ ಸೇರಿಸಿ ಬಟನ್ ಒತ್ತಿದರೆ ಫ್ಯಾನು ತಿರುಗಿತು, ದೀಪ ಹತ್ತಿತು, ಮಾನಿಟರ್ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ. ಕಾರ್ಡ್ ತೆಗೆದು ಹಾಕಿದೆ. ಮುಕ್ಕಾಲು ಗಂಟೆ ಹೋಯಿತು. ಅಳಿಯ ಹಿಂದೆ ಬಗ್ಗಿ ನೋಡಿ, "ಮಾಮ, ನಮ್ಮದು ಎಫ್ ಅಲ್ಲೇನು?" ಅಂದ. ಎಫ್ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅಂಗಡಿಯಲ್ಲಿ ಅವನಿಗೆ ಪಾಠ ಮಾಡಿದವನು ನಾನೇ. ಎಚ್‌ಡಿಎಂಐ ವೈರನ್ನು ಕಾರ್ಡಿಗೆ ಹಾಕದೆ ಮದರ್‌ಬೋರ್ಡಿಗೆ ಹಾಕಿದ್ದವನೂ ನಾನೇ.

ವಿಂಡೋಸ್ ಹಾಕಿ, ಆಟ ಡೌನ್‌ಲೋಡ್ ಆಗುವಷ್ಟರಲ್ಲಿ ಆರು ದಾಟಿತ್ತು. ಯುಪಿಎಸ್ ಬ್ಯಾಟರಿ ಇನ್ನೂ ತುಂಬಿರಲಿಲ್ಲವೆಂದು ಪಿಸಿಯನ್ನು ನೇರ ಗೋಡೆಗೇ ಹಾಕಿದ್ದೆವು. ಅವನು ಹೆಡ್‌ಫೋನ್ ಏರಿಸಿ ಕೂತ. ನಾನು ಆಟ ನೋಡಲಿಲ್ಲ, ಟ್ಯೂಬ್‌ಲೈಟ್ ನೋಡುತ್ತ ಕೂತೆ. ಗಿರಣಿಯ ಬೆಲ್ಟ್ ಮೊದಲು ಕಿರ್ ಅಂದಿತು. ಟ್ಯೂಬ್‌ಲೈಟ್ ಆರಿ ಹತ್ತಿತು. ಫ್ಯಾನಿನ ರೆಕ್ಕೆ ಎಣಿಸುವಷ್ಟು ನಿಧಾನವಾಯಿತು. ಅಳಿಯನಿಗೆ ಇದ್ಯಾವುದೂ ಗೊತ್ತೇ ಇಲ್ಲ, "ಲೆಫ್ಟಿಗಿ ಹೋಗಲೇ, ಲೆಫ್ಟಿಗಿ" ಅಂತ ಗೆಳೆಯನಿಗೆ ಬೈಯುತ್ತಿದ್ದ.

ತಿಂಗಳಾದ ಮೇಲೆ ಹೋದಾಗ ಕ್ಯಾಬಿನೆಟ್ಟಿನ ಫಿಲ್ಟರ್ ಬಿಚ್ಚಿಸಿದೆ. ಜಾಲರಿ ತುಂಬ ಬೆಳ್ಳಗೆ ಹಿಟ್ಟು ಕೂತಿತ್ತು. ಅಕ್ಕ ಬೆರಳಲ್ಲಿ ಒರೆಸಿ ನೋಡಿ, "ಇದ್ರಾಗ ಒಂದು ರೊಟ್ಟಿ ಆಗ್ತದಲ್ಲೋ" ಅಂದಳು.