ಮೇಜಿಗೊಂದು ಸ್ಯಾಂಡರ್

ಹಲಸಿನ ಹಲಗೆಗಳಲ್ಲಿ ಊಟದ ಮೇಜೊಂದನ್ನು ಮಾಡಲು ಹೊರಟಿರುವ ನಾನು, ಮರವನ್ನು ಉಜ್ಜಿ ನಯಮಾಡುವ ವಿದ್ಯುತ್ ಸ್ಯಾಂಡರ್ ಕೊಳ್ಳುವಾಗ ಬೆಲೆಗಿಂತ ಮೊದಲು ಮರಳು ಕಾಗದ ಹಿಡಿದಿರುವ ಅದರ ತಟ್ಟೆ ಹೇಗೆ ಚಲಿಸುತ್ತದೆ ಎಂಬುದನ್ನು ಗಮನಿಸುತ್ತಿದ್ದೇನೆ. ಮರಳು ಕಾಗದವೇ ಪಟ್ಟಿಯಾಗಿ ಸುತ್ತುವ ಬೆಲ್ಟ್ ಸ್ಯಾಂಡರ್ ಒರಟು ಹಲಗೆಯನ್ನು ಬೇಗ ಮಟ್ಟ ಮಾಡುತ್ತದೆ. ಆದರೆ ಒಂದೇ ಕಡೆ ಸ್ವಲ್ಪ ಹೊತ್ತು ನಿಂತರೂ ಹಳ್ಳ ಬೀಳುತ್ತದೆ, ಪ್ಲೈವುಡ್ ಮೇಲಿನ ತೆಳು ಮರದ ಹೊದಿಕೆ (ವೆನೀರ್) ಆದರಂತೂ ಸವೆದೇ ಹೋಗುತ್ತದೆ. ಚೌಕ ತಟ್ಟೆಯದು ಮೂಲೆಗಳಿಗೆ ಒಳ್ಳೆಯದು. ಮೇಜು, ಕಪಾಟುಗಳ ಕೆಲಸಕ್ಕೆ 125 ಮಿ.ಮೀ. ತಟ್ಟೆಯ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರೇ ಸರಿಯೆಂಬುದು ನನ್ನ ತೀರ್ಮಾನ, ಏಕೆಂದರೆ ಅದರ ತಟ್ಟೆ ತಿರುಗುತ್ತಲೇ ಸಣ್ಣ ವೃತ್ತದಲ್ಲಿ ಓಲಾಡುವುದರಿಂದ ಕಾಗದದ ಹರಳುಗಳು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಓಡುವುದಿಲ್ಲ, ಮರದ ಎಳೆಗೆ ಅಡ್ಡಲಾಗಿ ಗೀರುಗಳು ಎದ್ದು ಕಾಣುವುದೂ ಇಲ್ಲ.

ಯಂತ್ರವನ್ನು ಒತ್ತಿ ಹಿಡಿಯಬಾರದು. ಒತ್ತಿದರೆ ತಟ್ಟೆಯ ತಿರುಗುವಿಕೆ ಕುಂದಿ, ಪಾಲಿಶ್ ಹಚ್ಚಿದ ಮೇಲೆ ಮಾತ್ರ ಕಣ್ಣಿಗೆ ಬೀಳುವ ಸಣ್ಣ ಸುರುಳಿ ಗೀರುಗಳು ಉಳಿಯುತ್ತವೆ. ಹಲಗೆಯ ಮೇಲೆ ಪೆನ್ಸಿಲಿನಿಂದ ತೆಳ್ಳಗೆ ಗೆರೆಗಳನ್ನು ಎಳೆದು, ಅವು ಪೂರ್ತಿ ಅಳಿಯುವವರೆಗೆ 80ರ ಒರಟು ಕಾಗದದಲ್ಲಿ ಉಜ್ಜಿ, ಬಳಿಕ ಹಾಗೆಯೇ 120, 180 ಎಂದು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಮುಂದುವರಿಯುವುದು ನಂಬಬಹುದಾದ ಕ್ರಮ. ನಡುವಿನದನ್ನು ಬಿಟ್ಟರೆ ಹಿಂದಿನ ಗೀರು ಹೋಗುವುದಿಲ್ಲ.

ದೂಳಿನ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳಲ್ಲಿ, ಇರಿಸಿದೆ. ಆದ್ದರಿಂದ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಸರಿಯಾಗಿ ಕೂರುವ, ವೇಗ ಬದಲಿಸಬಹುದಾದ, ಕೈ ಜೋಮು ಹಿಡಿಯುವಷ್ಟು ನಡುಗದ ಯಂತ್ರವನ್ನೇ ಅಂಗಡಿಯಲ್ಲಿ ಚಾಲೂ ಮಾಡಿಸಿ ನೋಡಿ ಕೊಳ್ಳುತ್ತೇನೆ; ಅದರ ವೆಲ್ಕ್ರೋ ಕಾಗದಗಳು ನಮ್ಮೂರಿನಲ್ಲಿಯೇ ಸಿಗುತ್ತವೆಯೇ ಎಂದೂ ಕೇಳುತ್ತೇನೆ.