ಅಳುವ ಗೊಂಬೆ ಮತ್ತು ಎರಡು ಯೂನಿಫಾರ್ಮ್

ಹದಿಹರೆಯದಲ್ಲೇ ತಾಯಿಯಾಗುವ ಹುಡುಗಿಯರ ಮಾತು ಬಂದರೆ ಸಾಕು, ಎಲ್ಲರಿಗೂ ಬುದ್ಧಿ ಹೇಳುವ ಆಸೆ. "ತಿಳಿವಳಿಕೆ ಇಲ್ಲ, ಭಯ ಇಲ್ಲ" ಅಂತ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ, ಆ ಗೊಂಬೆಗಳ ಬಗ್ಗೆ ಓದುವವರೆಗೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ 57 ಶಾಲೆಗಳಲ್ಲಿ ನಡೆದ ಪ್ರಯೋಗ ಅದು. 13ರಿಂದ 15 ವರ್ಷದ ಹುಡುಗಿಯರ ಕೈಗೆ ಒಂದು ಯಂತ್ರದ ಮಗು ಕೊಟ್ಟು ವಾರಾಂತ್ಯಕ್ಕೆ ಮನೆಗೆ ಕಳಿಸಿದರು. ಅದು ಹೊತ್ತಲ್ಲದ ಹೊತ್ತಲ್ಲಿ ಅಳುತ್ತದೆ, ಹಾಲು ಕುಡಿಸಬೇಕು, ಬಟ್ಟೆ ಬದಲಿಸಬೇಕು. ಒಂದು ರಾತ್ರಿ ನಿದ್ದೆಗೆಟ್ಟರೆ ಬುದ್ಧಿ ಬರುತ್ತದೆ ಅನ್ನುವ ಲೆಕ್ಕ. 2016ರಲ್ಲಿ ಫಲಿತಾಂಶ ಬಂತು: 20 ತುಂಬುವ ಹೊತ್ತಿಗೆ ಗೊಂಬೆ ಸಿಕ್ಕವರಲ್ಲಿ ನೂರಕ್ಕೆ 8 ಮಂದಿಗೆ ಮಗುವಾಗಿತ್ತು, ಸಿಗದವರಲ್ಲಿ 4. ಪೂರ್ತಿ ಉಲ್ಟಾ!

ಇನ್ನು ಈ "ದಾರಿ ತಪ್ಪಿದವಳು" ಅನ್ನುವ ಮಾತು. ಬಡ ದೇಶಗಳಲ್ಲಿ ಇಂಥ ತಾಯಂದಿರಲ್ಲಿ ತುಂಬಾ ಮಂದಿ ಮದುವೆಯಾದವರೇ, ಅಲ್ವಾ? ಮನೆಯಲ್ಲಿ ದುಡ್ಡು ಮುಗಿದಾಗ ಶಾಲೆ ಬಿಡುವ ಸರದಿ ಮೊದಲು ಹುಡುಗಿಯದು, ಶಾಲೆ ಬಿಟ್ಟು ಸುಮ್ನೆ ಮನೆಯಲ್ಲಿ ಕೂತವಳಿಗೆ ಗಂಡು ಹುಡುಕುತ್ತಾರೆ, ಆ ಗಂಡು ಅವಳಿಗಿಂತ ಜಾಸ್ತಿ ವಯಸ್ಸಿನವನು, ಮಗು ಈಗಲೇ ಬೇಕೋ ಬೇಡವೋ ಅಂತ ಅವಳನ್ನು ಯಾರೂ ಕೇಳುವುದಿಲ್ಲ. ಇದರಲ್ಲಿ ಅವಳು ತಪ್ಪಿದ ದಾರಿ ಯಾವುದು?

ಬೇಗ ಹೆತ್ತದ್ದಕ್ಕೇ ಬಡತನ ಬಂತು ಅನ್ನುವವರೂ ಇದ್ದಾರೆ. 1992ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಅಕ್ಕತಂಗಿಯರನ್ನೇ ಹೋಲಿಸಿ ನೋಡಿದರು, ಒಬ್ಬಳು ಬೇಗ ತಾಯಿಯಾದವಳು, ಇನ್ನೊಬ್ಬಳು ತಡವಾಗಿ. ಬೇರೆ ಬೇರೆ ಮನೆಯವರನ್ನು ಹೋಲಿಸಿದಾಗ ಕಾಣುತ್ತಿದ್ದ ದೊಡ್ಡ ಅಂತರ ಇಲ್ಲಿ ಎಷ್ಟೋ ಕಡಿಮೆಯಾಯಿತು. ಅಂದರೆ ಬಡತನ ಮಗುವಿಗಿಂತ ಮೊದಲೇ ಆ ಮನೆಯಲ್ಲಿತ್ತು. (ಎಳೆ ದೇಹಕ್ಕೆ ಹೆರಿಗೆ ಅಪಾಯ ಅನ್ನುವುದು ನಿಜ, ಅದು ಬೇರೆ ಮಾತು.)

ನನಗೆ ತುಂಬಾ ಹಿಡಿಸಿದ್ದು ಕೀನ್ಯಾದ್ದು. 2003ರಲ್ಲಿ ಅಲ್ಲಿ ಒಂದಷ್ಟು ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಟ್ಟು, ಏಡ್ಸ್ ಬಗ್ಗೆ, ಮದುವೆಯವರೆಗೆ ದೂರ ಇರಿ ಅನ್ನುವುದರ ಬಗ್ಗೆ ಪಾಠ ಮಾಡಿಸಿದರು. ಇನ್ನೊಂದಷ್ಟು ಶಾಲೆಗಳಲ್ಲಿ ಯಾವ ಉಪದೇಶವೂ ಇಲ್ಲ, ಮಕ್ಕಳಿಗೆ ಯೂನಿಫಾರ್ಮ್ ಕೊಟ್ಟರು, ಒಂದೂವರೆ ವರ್ಷದ ನಂತರ ಇನ್ನೊಂದು. ಬರೀ ಪಾಠ ಕೇಳಿದ ಹುಡುಗಿಯರಲ್ಲಿ ಬಸಿರಾಗುವುದು ಕಡಿಮೆಯಾಗಲಿಲ್ಲ. ಯೂನಿಫಾರ್ಮ್ ಸಿಕ್ಕವರು ಶಾಲೆ ಬಿಡುವುದೂ ಕಡಿಮೆಯಾಯಿತು, ಬೇಗ ತಾಯಿಯಾಗುವುದೂ ಕಡಿಮೆಯಾಯಿತು.